ಮೈಕ್ ಹಿಡಿಯದವರಿಗೆ ಸನ್ಮಾನ: ನನ್ನ ಅನುಭವ

ಮೊದಲ ವರ್ಷ ನಾವು ಐವರು ಮಹಿಳೆಯರನ್ನು ಸನ್ಮಾನಿಸಿದೆವು. ಐವರೂ ಚೆನ್ನಾಗಿ ಮಾತನಾಡುವವರು, ಬರೆಯುವವರು, ಬಳಗದ ಹೊರಗೂ ಗುರುತಿರುವವರು. ಕಾರ್ಯಕ್ರಮ ಮುಗಿದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಗ ಹುಡುಗಿಯೊಬ್ಬಳು ನನ್ನ ಬಳಿ ಬಂದಳು. "ಅಕ್ಕಾ, ಮನೆಯವರು ನನ್ನನ್ನು ಹೊರಗೆ ಹಾಕಿದಾಗ ಹನ್ನೊಂದು ದಿನ ತಮ್ಮ ಕೋಣೆಯಲ್ಲಿ ಇರಿಸಿಕೊಂಡವರು ಈ ಪಟ್ಟಿಯಲ್ಲಿ ಯಾಕಿಲ್ಲ?" ಎಂದು ಕೇಳಿದಳು. ಆ ದನಿಯಲ್ಲಿ ಆಕ್ಷೇಪ ಇರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದಳು. ಅವಳು ಹೇಳಿದ ಮಹಿಳೆ ಆ ಹೊತ್ತಿಗೆ ಅದೇ ಸಭಾಂಗಣದ ಇನ್ನೊಂದು ಮೂಲೆಯಲ್ಲಿ ನೆಲ ಗುಡಿಸುತ್ತಿದ್ದರು. ನನಗೆ ಅವರ ಪರಿಚಯ ಆರು ವರ್ಷದ್ದು. ಆ ಹನ್ನೊಂದು ದಿನಗಳ ವಿಷಯ ಮಾತ್ರ ಗೊತ್ತಿರಲಿಲ್ಲ.

ನಮ್ಮದು ಲೆಸ್ಬಿಯನ್ ಮಹಿಳೆಯರ ಒಂದು ಸಣ್ಣ ಬಳಗ. ಇಂತಹ ಬಳಗಗಳಲ್ಲಿ ದೊಡ್ಡ ಕೆಲಸಗಳೆಲ್ಲ ನಡೆಯುವುದು ಬಾಗಿಲು ಮುಚ್ಚಿದ ಮೇಲೆ. ಮಧ್ಯರಾತ್ರಿ ಕರೆ ಸ್ವೀಕರಿಸುವುದು, ಆಸ್ಪತ್ರೆಯಲ್ಲಿ "ನೀವು ರೋಗಿಗೆ ಏನಾಗಬೇಕು?" ಎಂಬ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಿ ಪಕ್ಕದಲ್ಲಿ ಕೂರುವುದು, ಮುರಿದುಬಿದ್ದ ಜೋಡಿಯ ಇಬ್ಬರನ್ನೂ ಬಳಗದಿಂದ ಕಳೆದುಕೊಳ್ಳದಂತೆ ನೋಡಿಕೊಳ್ಳುವುದು. ಗುಟ್ಟು ಕಾಪಾಡುವುದೇ ಈ ಕೆಲಸದ ಮುಖ್ಯ ಭಾಗವಾದ್ದರಿಂದ ಇದನ್ನು ಮಾಡಿದವರು ಹೇಳಿಕೊಳ್ಳುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಅವರ ಹೆಸರು ಇಲ್ಲದಿದ್ದರೆ ಅದು ಪಟ್ಟಿ ಮಾಡಿದವರ ತಪ್ಪು. ಆ ವರ್ಷ ಪಟ್ಟಿ ಮಾಡಿದವಳು ನಾನು.

ಎರಡನೆಯ ವರ್ಷ ನಾನು ಬದಲಿಸಿದ್ದು ಕೇಳುವ ಪ್ರಶ್ನೆಯನ್ನು. "ಯಾರನ್ನು ಸನ್ಮಾನಿಸಬೇಕು?" ಎಂದು ಕೇಳಿದರೆ ಎಲ್ಲರೂ ಪರಿಚಿತ ಹೆಸರುಗಳನ್ನೇ ಹೇಳುತ್ತಾರೆ. "ನಿಮಗಾಗಿ ಯಾರು ಏನು ಮಾಡಿದರು? ಯಾವಾಗ?" ಎಂದು ಕೇಳಿದೆವು. ಹದಿನೇಳು ಉತ್ತರಗಳು ಬಂದವು. ಒಬ್ಬರು ಬರೆದಿದ್ದರು: "ನಾನು ಮೊದಲ ಸಭೆಗೆ ಬಂದ ದಿನ ಬಾಗಿಲಲ್ಲೇ ನಿಂತು ವಾಪಸ್ ಹೊರಟಿದ್ದೆ. ಅವರು ಹಿಂದೆಯೇ ಬಂದು, ಒಳಗೆ ಬನ್ನಿ ಎನ್ನದೆ, ಬಸ್ ನಿಲ್ದಾಣದವರೆಗೆ ನನ್ನ ಜೊತೆ ನಡೆದರು. ಮುಂದಿನ ತಿಂಗಳು ನಾನೇ ಒಳಗೆ ಹೋದೆ." ಇದನ್ನು ಮಾಡಿದ ಮಹಿಳೆಗೆ ಆ ಸಂಜೆಯ ನೆನಪೇ ಇರಲಿಲ್ಲ.

ಈ ಉತ್ತರಗಳನ್ನೇ ಸನ್ಮಾನದ ಮಾತುಗಳನ್ನಾಗಿ ಮಾಡಿಕೊಂಡೆವು. ಬರೆಯುವುದಕ್ಕೆ ನಾನು ಹಾಕಿದ ನಿಯಮ ಒಂದೇ: ಗುಣವಾಚಕ ಬೇಡ, ಕ್ರಿಯಾಪದ ಇರಲಿ. "ತ್ಯಾಗಮಯಿ", "ನಿಸ್ವಾರ್ಥ ಸೇವಕಿ" ಎಂಬ ಮಾತುಗಳು ಯಾರಿಗೆ ಬೇಕಾದರೂ ಹೊಂದುತ್ತವೆ. ಬಸ್ ನಿಲ್ದಾಣದವರೆಗೆ ನಡೆದದ್ದು ಒಬ್ಬರೇ. ಎರಡು ನಿಮಿಷ ಮೀರದಂತೆ, ಉಪಕಾರ ಪಡೆದವರೇ ಎದ್ದುನಿಂತು ಓದಬೇಕು. ಅವರಿಗೆ ಎದುರಿಗೆ ಬಂದು ಓದಲು ಆಗದಿದ್ದರೆ ಅವರ ಪರವಾಗಿ ಇನ್ನೊಬ್ಬರು. ಮೊದಲ, ಎರಡನೆಯ ಎಂಬ ಸ್ಥಾನಗಳಿಲ್ಲ, "ವರ್ಷದ ಮಹಿಳೆ" ಎಂಬ ಬಿರುದೂ ಇಲ್ಲ. ಇಷ್ಟು ಸಣ್ಣ ಬಳಗದಲ್ಲಿ ಸ್ಪರ್ಧೆ ಇಟ್ಟರೆ ಮಾರನೆಯ ದಿನ ಇಬ್ಬರು ಮಾತು ಬಿಟ್ಟಿರುತ್ತಾರೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ವಿಷಯ, ಒಪ್ಪಿಗೆ. ಇದನ್ನು ನಾನು ಕಲಿತದ್ದು ನೋವಿನಿಂದ. ಆ ಎರಡನೆಯ ವರ್ಷವೇ ಸಭೆಯಲ್ಲಿ ಯಾರೋ ಪ್ರೀತಿಯಿಂದ ತೆಗೆದ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋಗಿ, ಸನ್ಮಾನಿತರೊಬ್ಬರ ಸಂಬಂಧಿಕರನ್ನು ತಲುಪಿತು. ಅವರು ಮನೆಯಲ್ಲಿ ಏನನ್ನೂ ಹೇಳಿಕೊಂಡಿರಲಿಲ್ಲ. ಮುಂದಿನ ಮೂರು ತಿಂಗಳು ಅವರು ಅನುಭವಿಸಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವರ ಕಥೆ. ಗೌರವಿಸಲು ಹೋಗಿ ಒಬ್ಬರ ನೆಲೆಯನ್ನೇ ಅಲುಗಾಡಿಸಿದೆವು ಎಂಬುದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅವರು ನನ್ನನ್ನು ಕ್ಷಮಿಸಿದ್ದಾರೆ.

ಅಂದಿನಿಂದ ಅಚ್ಚರಿಯ ಸನ್ಮಾನ ನಮ್ಮಲ್ಲಿಲ್ಲ. ಒಂದು ತಿಂಗಳು ಮೊದಲೇ ಹೋಗಿ, ಎದುರಿಗೆ ಕುಳಿತು ಕೇಳುತ್ತೇನೆ. ಯಾವ ಹೆಸರಿನಿಂದ ಕರೆಯಬೇಕು, ಆ ಹೆಸರು ಕಾಗದದ ಮೇಲೆ ಬರಬಹುದೇ, ಓದುವ ಮಾತಿನಲ್ಲಿ ಯಾವುದನ್ನು ಬಿಡಬೇಕು, ಸಭೆಯಲ್ಲಿ ಯಾರು ಇದ್ದರೆ ಅವರಿಗೆ ಕಷ್ಟ. ಸಂಗಾತಿಯ ಒಪ್ಪಿಗೆಯನ್ನು ಪ್ರತ್ಯೇಕವಾಗಿ ಕೇಳಬೇಕು. ಒಬ್ಬರು ಬಹಿರಂಗವಾಗಿ ಬದುಕುತ್ತಿದ್ದರೆ ಇನ್ನೊಬ್ಬರೂ ಹಾಗೆಯೇ ಇದ್ದಾರೆಂದು ಅರ್ಥವಲ್ಲ. ಸಭೆಯ ಹಿಂದಿನ ದಿನ ಮತ್ತೊಮ್ಮೆ ಕೇಳುತ್ತೇನೆ, ಏಕೆಂದರೆ ತಿಂಗಳೊಂದರಲ್ಲಿ ಮನೆಯ ಸ್ಥಿತಿ ಬದಲಾಗಿರಬಹುದು. ಮೊಬೈಲುಗಳು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಉಳಿಯುತ್ತವೆ. ಫೋಟೊ ತೆಗೆಯುವವರು ಒಬ್ಬರೇ, ಅದೂ ಒಪ್ಪಿದವರನ್ನು ಮಾತ್ರ, ಮತ್ತು ತೆಗೆದ ಚಿತ್ರವನ್ನು ಅವರಿಗೆ ತೋರಿಸಿದ ಮೇಲೆಯೇ ಉಳಿಸಿಕೊಳ್ಳುವುದು.

ನಿಜ ಹೆಸರು ಬಿಟ್ಟು ಬೇರೆ ಹೆಸರಿನಲ್ಲಿ ಸನ್ಮಾನ ಮಾಡಿದರೆ ಅದು ಅರ್ಧ ಗೌರವ ಎಂದು ನಮ್ಮಲ್ಲೇ ಕೆಲವರು ವಾದಿಸಿದರು. ನಾನು ಒಪ್ಪುವುದಿಲ್ಲ. 1955ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡೆಲ್ ಮಾರ್ಟಿನ್, ಫಿಲಿಸ್ ಲಯನ್ ಮತ್ತು ಅವರ ಗೆಳತಿಯರು ಡಾಟರ್ಸ್ ಆಫ್ ಬಿಲಿಟಿಸ್ ಎಂಬ ಲೆಸ್ಬಿಯನ್ ಮಹಿಳೆಯರ ಬಳಗ ಕಟ್ಟಿದರು. ಮರುವರ್ಷ ಆರಂಭವಾದ ಅವರ ಪತ್ರಿಕೆ 'ದಿ ಲ್ಯಾಡರ್'ನ ಸಂಪಾದಕಿಯಾಗಿ ಲಯನ್ ಮೊದಲು ಬಳಸಿದ್ದು ಆನ್ ಫರ್ಗ್ಯೂಸನ್ ಎಂಬ ಬೇರೆ ಹೆಸರನ್ನು; ಕೆಲವೇ ತಿಂಗಳಲ್ಲಿ ಅದನ್ನು ತಾವಾಗಿಯೇ ಕೈಬಿಟ್ಟರು. ಅದೇ ಸಂಘಟನೆಯ ನ್ಯೂಯಾರ್ಕ್ ಶಾಖೆಯ ನಾಯಕಿ, 1965ರಲ್ಲಿ ಸಲಿಂಗಿಗಳ ಹಕ್ಕಿಗಾಗಿ ಶ್ವೇತಭವನದ ಎದುರು ಫಲಕ ಹಿಡಿದು ನಿಂತ ಕಪ್ಪು ಮಹಿಳೆ ಅರ್ನೆಸ್ಟೈನ್ ಎಕ್‌ಸ್ಟೈನ್ ಇತಿಹಾಸದಲ್ಲಿ ಉಳಿದಿರುವುದು ಅವರೇ ಆರಿಸಿಕೊಂಡ ಆ ಹೆಸರಿನಿಂದಲೇ. ಅವರ ಧೈರ್ಯದಲ್ಲಿ ಅರ್ಧ ಎಂಬುದು ಎಲ್ಲಿದೆ? ಹೆಸರನ್ನು ಯಾವಾಗ ಬಿಚ್ಚಿಡಬೇಕು ಎಂಬುದು ಆ ಹೆಸರಿನವರ ನಿರ್ಧಾರ.

ಏಪ್ರಿಲ್ 26ರಂದು ಲೆಸ್ಬಿಯನ್ ಗೋಚರತೆಯ ದಿನವನ್ನು ಹಲವು ಕಡೆ ಆಚರಿಸುತ್ತಾರೆ. ಆ ದಿನ ನನಗೂ ಪ್ರಿಯ. ಆದರೂ ನಮ್ಮ ಸನ್ಮಾನವನ್ನು ಬೇಕೆಂದೇ ಬೇರೆ ದಿನಕ್ಕೆ ಇಟ್ಟುಕೊಂಡಿದ್ದೇವೆ. ಕಾಣಿಸಿಕೊಳ್ಳಲು ಆಗದವರು ಕಾಣಿಸಿಕೊಳ್ಳುವ ದಿನದ ಒತ್ತಡವಿಲ್ಲದೆ ಬರಲಿ ಎಂದು.

ಯಾರು "ನಮ್ಮವರು" ಎಂಬ ಚರ್ಚೆಯೂ ನಡೆಯಿತು. ತಮ್ಮ ಮಗಳಿಗಾಗಿ ಆರಂಭಿಸಿ, ಆಮೇಲೆ ಬೇರೆಯವರ ಹೆತ್ತವರ ಜೊತೆಗೂ ಗಂಟೆಗಟ್ಟಲೆ ಕುಳಿತು ಮಾತನಾಡಿದ ತಾಯಿಯೊಬ್ಬರನ್ನು ಗೌರವಿಸಬೇಕೇ? ಅವರು ಲೆಸ್ಬಿಯನ್ ಅಲ್ಲ. ಗೌರವಿಸಿದೆವು, ನನಗೆ ಆ ಬಗ್ಗೆ ಸಂಶಯ ಇರಲಿಲ್ಲ. ಟ್ರಾನ್ಸ್ ಲೆಸ್ಬಿಯನ್ ಮಹಿಳೆಯರ ವಿಷಯದಲ್ಲಿ ಚರ್ಚೆಗೇ ನಾನು ಅವಕಾಶ ಕೊಡಲಿಲ್ಲ. ಅವರು ಮಹಿಳೆಯರು, ನಮ್ಮವರು.

ನಾಲ್ಕನೆಯ ವರ್ಷ ನಮ್ಮ ಲೆಕ್ಕ ಬರೆಯುತ್ತಿದ್ದ ಹಿರಿಯರು ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ನಾವು "ಸಹೋದ್ಯೋಗಿಗಳು" ಎಂದು ಹೇಳಿಕೊಂಡು ಹಿಂದಿನ ಸಾಲಿನಲ್ಲಿ ನಿಂತೆವು. ಅವರ ಸಂಗಾತಿಯೂ ನಮ್ಮ ಜೊತೆಗೇ, ಸಹೋದ್ಯೋಗಿಯಾಗಿಯೇ. ಆ ವರ್ಷದ ಸಭೆಯಲ್ಲಿ ಭಾಷಣ ಮಾಡಲು ಯಾರಿಗೂ ಧ್ವನಿ ಬರಲಿಲ್ಲ. ಅವರ ಲೆಕ್ಕದ ಪುಸ್ತಕದಿಂದ ಕೆಲವು ಸಾಲುಗಳನ್ನು ಸಂಗಾತಿಯೇ ಓದಿದರು: "ರಾತ್ರಿ ಬಸ್ ಟಿಕೆಟ್, ಒಬ್ಬರಿಗೆ, ಹೋಗುವುದು ಮಾತ್ರ." "ಬೀಗ ಬದಲಿಸಿದ್ದು." "ಪರೀಕ್ಷಾ ಶುಲ್ಕ, ಹಿಂದಿರುಗಿಸಬೇಕಾಗಿಲ್ಲ." ಪ್ರತಿ ಸಾಲಿಗೂ ಸಭೆಯಲ್ಲಿ ಒಬ್ಬರಾದರೂ ತಲೆ ತಗ್ಗಿಸುತ್ತಿದ್ದರು. ಯಾವ ಸಾಲು ಯಾರದು ಎಂದು ಯಾರೂ ಕೇಳಲಿಲ್ಲ.

ಆ ಪುಸ್ತಕ ಈಗ ನಮ್ಮ ದಾಖಲೆಗಳ ಪೆಟ್ಟಿಗೆಯಲ್ಲಿದೆ. 1974ರಲ್ಲಿ ನ್ಯೂಯಾರ್ಕಿನಲ್ಲಿ ಜೋನ್ ನೆಸ್ಲೆ, ಡೆಬೊರಾ ಎಡೆಲ್ ಮುಂತಾದವರು ಲೆಸ್ಬಿಯನ್ ಹರ್‌ಸ್ಟರಿ ಆರ್ಕೈವ್ಸ್ ಎಂಬ ದಾಖಲೆ ಸಂಗ್ರಹ ಆರಂಭಿಸಿದಾಗ ಅದಕ್ಕೆ ಜಾಗ ಸಿಕ್ಕಿದ್ದು ನೆಸ್ಲೆ ಅವರ ಮನೆಯಲ್ಲಿ. 1993ರಲ್ಲಿ ಅದು ಬ್ರೂಕ್ಲಿನ್‌ನ ಸ್ವಂತ ಕಟ್ಟಡಕ್ಕೆ ಹೋಯಿತು. ಪ್ರಸಿದ್ಧರದ್ದಷ್ಟೇ ಅಲ್ಲ, ಸಾಮಾನ್ಯ ಲೆಸ್ಬಿಯನ್ ಮಹಿಳೆಯರ ಪತ್ರ, ಫೋಟೊ, ದಿನಚರಿಗಳನ್ನೂ ಅಲ್ಲಿ ಜೋಪಾನ ಮಾಡುತ್ತಾರೆ. ನಮ್ಮದು ಒಂದೇ ಪೆಟ್ಟಿಗೆ. ಪ್ರತಿ ವರ್ಷ ಓದಿದ ಮಾತುಗಳ ಪ್ರತಿ ಅದರೊಳಗೆ ಹೋಗುತ್ತದೆ, ಯಾರದನ್ನು ಎಷ್ಟು ವರ್ಷ ತೆರೆಯಬಾರದು ಎಂಬ ಚೀಟಿಯೊಂದಿಗೆ.

ನೆಲ ಗುಡಿಸುತ್ತಿದ್ದ ಆ ಮಹಿಳೆಯನ್ನು ಮೂರು ಸಲ ಕೇಳಿದ್ದೇನೆ, ಮೂರೂ ಸಲ ಬೇಡ ಎಂದಿದ್ದಾರೆ. ಈ ವರ್ಷ ಕೇಳಿದಾಗ, "ಆ ಹುಡುಗಿಯೇ ಓದುತ್ತಾಳಾ?" ಎಂದರು. ಹೌದೆಂದೆ. "ಯೋಚನೆ ಮಾಡಿ ಹೇಳುತ್ತೇನೆ" ಎಂದಿದ್ದಾರೆ. ಸಭೆಗೆ ಇನ್ನು ಒಂಬತ್ತು ದಿನಗಳಿವೆ. ಹುಡುಗಿ ಬರೆದು ಮುಗಿಸಿದ್ದಾಳೆ.