ಬ್ಯಾಂಕ್ ಮನೆ ಹರಾಜು ಹಾಕಿದ ಮೇಲೆ ಏನೇನಾಗುತ್ತದೆ, ನೀವೇನು ಮಾಡಬೇಕು

ಬ್ಯಾಂಕಿನವರು ಬೀಗ ಹಾಕಿ ಹೋದರು ಅಂದ ತಕ್ಷಣ ಎಲ್ಲಾ ಮುಗಿದೇ ಹೋಯ್ತು ಅಂತ ಜಾಸ್ತಿ ಜನ ಕೈಚೆಲ್ಲಿ ಕೂರುತ್ತಾರೆ. ಆಮೇಲೆ ಬರುವ ಪತ್ರಗಳನ್ನು ಒಡೆದೂ ನೋಡುವುದಿಲ್ಲ. ಸಂಕಟ ಅರ್ಥವಾಗುತ್ತದೆ. ಆದರೆ ನಿಮಗೆ ಬರಬೇಕಾದ ದುಡ್ಡೆಷ್ಟು, ನಿಮ್ಮ ತಲೆ ಮೇಲೆ ಉಳಿಯುವ ಸಾಲವೆಷ್ಟು ಅನ್ನುವುದು ತೀರ್ಮಾನವಾಗುವುದೇ ಇದರ ನಂತರ. ಹಾಗಾಗಿ ದಯವಿಟ್ಟು ಆ ಕವರ್‌ಗಳನ್ನು ಒಡೆಯಿರಿ.

ಮೊದಲು ಯಾವ ಹಂತದಲ್ಲಿದ್ದೀರಿ ನೋಡಿಕೊಳ್ಳಿ. ಗೃಹಸಾಲದ ಮನೆಗಳನ್ನು ಸಾಮಾನ್ಯವಾಗಿ 2002ರ ಸರ್ಫೇಸಿ ಕಾಯ್ದೆಯಲ್ಲಿ ವಶಕ್ಕೆ ಪಡೆಯುತ್ತಾರೆ, ದಾವೆ ಹೂಡುವ ಅಗತ್ಯ ಬ್ಯಾಂಕಿಗಿಲ್ಲ. ಕಂತು 90 ದಿನ ಮೀರಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಅಂತ ಲೆಕ್ಕ, ಆಮೇಲೆ 60 ದಿನದೊಳಗೆ ಬಾಕಿ ಕಟ್ಟಿ ಅನ್ನುವ ಡಿಮ್ಯಾಂಡ್ ನೋಟಿಸ್. ನಂತರ ಬಾಗಿಲಿಗೆ ಪೊಸೆಷನ್ ನೋಟಿಸ್ ಅಂಟಿಸಿ ಪೇಪರಿಗೆ ಕೊಟ್ಟರೆ ಅದು ಕಾಗದದ ಮೇಲಿನ ಸ್ವಾಧೀನ ಅಷ್ಟೆ, ನೀವಿನ್ನೂ ಒಳಗೇ ಇರುತ್ತೀರಿ. ಖಾಲಿ ಮಾಡಿಸಲು ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟ್ ಆದೇಶ ತಂದು, ಪೊಲೀಸರ ಜೊತೆ ಬರುತ್ತಾರೆ.

ಆ ದಿನ ಜಗಳಕ್ಕಿಂತ ಪಂಚನಾಮೆ ಮುಖ್ಯ. ಅಡವಿಟ್ಟಿದ್ದು ಮನೆಯನ್ನು, ಒಳಗಿನ ಸಾಮಾನನ್ನಲ್ಲ. 'ಬೀರು 1, ಫ್ರಿಜ್ 1, ಮಂಚ 2' ಅಂತ ಬರೆಯುವಾಗ ಪಕ್ಕದಲ್ಲೇ ನಿಂತಿರಿ, ಬೀರುವಿನೊಳಗೆ ಏನಿದೆ ಅನ್ನುವುದನ್ನೂ ಬರೆಸಿ, ಫೋಟೋ ತೆಗೆಯಿರಿ, ಒಂದು ಪ್ರತಿ ಕೇಳಿ ಪಡೆಯಿರಿ. ಮಾರ್ಕ್ಸ್ ಕಾರ್ಡ್, ಒಡವೆ, ಔಷಧಿಗಳನ್ನು ಮೊದಲೇ ಬೇರೆ ಕಡೆ ಸಾಗಿಸಿಬಿಡಿ.

ನೋಟಿಸಿನಲ್ಲಿ, ಮನೆಗೆ ಕಟ್ಟಿದ ಬೆಲೆಯಲ್ಲಿ ಅಥವಾ ಹರಾಜಿನಲ್ಲಿ ತಪ್ಪಾಗಿದೆ ಅನ್ನಿಸಿದರೆ ಡಿಆರ್‌ಟಿಗೆ, ಅಂದರೆ ಸಾಲ ವಸೂಲಾತಿ ನ್ಯಾಯಮಂಡಳಿಗೆ, 45 ದಿನದೊಳಗೆ ಅರ್ಜಿ ಹಾಕಬೇಕು. ನಮ್ಮ ರಾಜ್ಯಕ್ಕೆ ಅದು ಬೆಂಗಳೂರಿನಲ್ಲಿದೆ. ಇನ್ನೊಂದು ಮಾತು: ಹರಾಜಿನ ಹಿಂದಿನ ದಿನದವರೆಗೂ ಪೂರ್ತಿ ಸಾಲ ಕಟ್ಟಿ ಮನೆ ಬಿಡಿಸಿಕೊಳ್ಳಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. 2016ರ ತಿದ್ದುಪಡಿಯ ನಂತರ ಆ ಹಕ್ಕು ಹರಾಜು ನೋಟಿಸ್ ಪ್ರಕಟವಾಗುವ ತನಕ ಮಾತ್ರ.

ಈಗ ಹರಾಜು ಮುಗಿಯಿತು ಅನ್ನಿ. ಬಂದ ದುಡ್ಡಲ್ಲಿ ಮೊದಲು ಬ್ಯಾಂಕಿನ ಖರ್ಚು, ಆಮೇಲೆ ಅಸಲು ಬಡ್ಡಿ, ಮಿಕ್ಕಿದ್ದು ನಿಮಗೆ. ಬಾಕಿ 40 ಲಕ್ಷ ಇದ್ದು ಮನೆ 52 ಲಕ್ಷಕ್ಕೆ ಹೋದರೆ, ಬೇರೆ ಕಡೆ ಅಡವಿಲ್ಲದಿದ್ದರೆ, ಖರ್ಚು ಕಳೆದು ಉಳಿಯುವುದೆಲ್ಲ ನಿಮ್ಮದೇ. ಇದನ್ನು ಎಷ್ಟೋ ಮನೆಯವರು ಕೇಳುವುದೇ ಇಲ್ಲ ಅನ್ನುವುದು ನನಗೆ ಬಹಳ ಬೇಸರದ ಸಂಗತಿ. ಹರಾಜಾದ ಬೆಲೆ, ತಾರೀಖು, ಸಾಲಕ್ಕೆ ಜಮಾ ಆದ ಮೊತ್ತ, ಪ್ರತಿ ಖರ್ಚಿನ ವಿವರ ಕೊಡಿ ಅಂತ ಶಾಖೆಗೆ ಪತ್ರ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. 'ಇತರೆ ಖರ್ಚು' ಅಂತ ಒಂದೇ ಸಾಲಿನಲ್ಲಿ ದೊಡ್ಡ ಮೊತ್ತ ಕಂಡರೆ ಅದರ ಬಿಲ್ ಕೇಳಿ.

ಹರಾಜಿನ ದುಡ್ಡು ಸಾಲದೇ ಹೋದರೆ? ಉಳಿದ ಬಾಕಿಗೆ ಬ್ಯಾಂಕ್ ನಿಮ್ಮ ಮೇಲೂ ಜಾಮೀನುದಾರರ ಮೇಲೂ ಕೇಸು ಹಾಕಬಹುದು. ಜಾಮೀನು ನಿಂತ ಭಾವನಿಗೋ ಸ್ನೇಹಿತನಿಗೋ ನೀವೇ ಮೊದಲು ಹೇಳಿ, ನೋಟಿಸ್ ನೋಡಿ ಅವರಿಗೆ ಗೊತ್ತಾಗುವುದು ಬೇಡ. ಒಂದೇ ಸಲ ಇಷ್ಟು ಕಟ್ಟಿ ಮುಗಿಸುತ್ತೇನೆ ಅಂತ ಒಟಿಎಸ್ (ಒನ್ ಟೈಮ್ ಸೆಟಲ್‌ಮೆಂಟ್) ಮಾತಾಡಬಹುದು, ಆದರೆ ಒಪ್ಪಂದ ಕಾಗದದಲ್ಲಿರಲಿ, ಕಟ್ಟಿದ ಮೇಲೆ 'ಬಾಕಿ ಇಲ್ಲ' ಪತ್ರ ತಗೊಳ್ಳಿ. ಹೀಗೆ ಮುಗಿಸಿದರೆ ನಿಮ್ಮ ಸಾಲದ ಚರಿತ್ರೆ ಇಡುವ ಸಿಬಿಲ್‌ನಲ್ಲಿ 'ಸೆಟಲ್ಡ್' ಅಂತ ಬೀಳುತ್ತದೆ, ಮುಂದೆ ಸಾಲ ಸಿಗುವುದು ಕಷ್ಟ.

ತೆರಿಗೆ ವಿಷಯ ಯಾರೂ ಹೇಳುವುದಿಲ್ಲ. ಹರಾಜೂ ಮಾರಾಟವೇ. ಹಳೇ ಮನೆಯಾಗಿದ್ದರೆ, ದುಡ್ಡೆಲ್ಲ ಬ್ಯಾಂಕಿಗೇ ಹೋಗಿದ್ದರೂ ಕ್ಯಾಪಿಟಲ್ ಗೇನ್ಸ್ ತೆರಿಗೆ, ಅಂದರೆ ಆಸ್ತಿ ಮಾರಿದ ಲಾಭದ ಮೇಲಿನ ತೆರಿಗೆ, ನಿಮ್ಮ ಹೆಸರಿಗೇ ಬರಬಹುದು. ನೀವೇ ಅಡವಿಟ್ಟ ಮನೆಯಾದರೆ ತೀರಿಸಿದ ಸಾಲವನ್ನು ಲಾಭದಿಂದ ಕಳೆಯಲು ಬಿಡುವುದಿಲ್ಲ. ರಿಟರ್ನ್ಸ್ ಹಾಕುವ ಮೊದಲು ಒಬ್ಬ ಆಡಿಟರ್ ಹತ್ತಿರ ಹೋಗಿ ಬನ್ನಿ.

ರಿಕವರಿ ಏಜೆಂಟರು ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ಮಾಡಿದರೆ ಬ್ಯಾಂಕಿಗೆ ಲಿಖಿತ ದೂರು ಕೊಡಿ, 30 ದಿನದಲ್ಲಿ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಿ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ, ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಇದಕ್ಕೆ ಆದಾಯದ ಮಿತಿಯೇ ಇಲ್ಲ. ಕೈಯಲ್ಲಿರುವ ನೋಟಿಸುಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ, ವಕೀಲರು ಮೊದಲು ಕೇಳುವುದು ಅದನ್ನೇ.