ಒಂದು ಕಪ್ ಶಿಯಾ ಬೆಣ್ಣೆ ಎಂದರೆ ಎಷ್ಟು ಗ್ರಾಂ?

ಶಿಯಾ ಬೆಣ್ಣೆ ಎಂದರೆ ಆಫ್ರಿಕದ ಒಂದು ಮರದ ಬೀಜದಿಂದ ತೆಗೆದ ಗಟ್ಟಿ ಜಿಡ್ಡು. ಮುಲಾಮು, ಸೋಪು ಮಾಡುವ ವಿಧಾನದಲ್ಲಿ ‘ಒಂದು ಕಪ್ ಶಿಯಾ ಬೆಣ್ಣೆ’ ಎಂದು ಬರೆದದ್ದು ನೋಡಿ 250 ಗ್ರಾಂ ತೂಗಿಬಿಡಬೇಡಿ. ಆ ಲೆಕ್ಕ ನೀರಿಗೆ ಸರಿ, ಜಿಡ್ಡಿಗಲ್ಲ. ಶಿಯಾ ನೀರಿಗಿಂತ ಹಗುರ. ಒಂದು ಮಿಲಿ ಸುಮಾರು 0.91 ಗ್ರಾಂ ತೂಗುತ್ತದೆ. ಹಾಗಾಗಿ 250 ಮಿಲಿಯ ಅಳತೆ ಕಪ್ಪಿಗೆ 228 ಗ್ರಾಂ, ಅಮೆರಿಕದ 237 ಮಿಲಿ ಕಪ್ಪಿಗೆ 215 ಗ್ರಾಂ. 15 ಮಿಲಿಯ ದೊಡ್ಡ ಚಮಚಕ್ಕೆ ಹದಿಮೂರೂವರೆ ಗ್ರಾಂ, 5 ಮಿಲಿಯ ಟೀ ಚಮಚಕ್ಕೆ ನಾಲ್ಕೂವರೆ. ಔನ್ಸ್ ಎಂದಿದ್ದರೆ ಇನ್ನೂ ಹುಷಾರು: ತೂಕದ 8 ಔನ್ಸ್ ಎಂದರೆ 227 ಗ್ರಾಂ, ದ್ರವದ 8 ಔನ್ಸ್ ಎಂದರೆ ಅದೇ ಅಮೆರಿಕದ ಕಪ್ಪು, 215 ಗ್ರಾಂ.

ಈ ಲೆಕ್ಕವೆಲ್ಲ ಸಂದಿಲ್ಲದೆ ತುಂಬಿದ ಕಪ್ಪಿಗೆ. ಗಟ್ಟಿ ಶಿಯಾವನ್ನು ಉಂಡೆ ಉಂಡೆಯಾಗಿ ಹಾಕಿದರೆ ನಡುವೆ ಗಾಳಿ ಉಳಿದು ತೂಕ ಸಾಕಷ್ಟು ಕಡಿಮೆ ಬರುತ್ತದೆ. ಬೀಟರ್‌ನಲ್ಲಿ ಕಡೆದು ನೊರೆ ಬರಿಸಿದ ಶಿಯಾವನ್ನಂತೂ ಕಪ್ಪಿನಲ್ಲಿ ಅಳೆಯಲೇಬೇಡಿ, ಅದರಲ್ಲಿ ಅರ್ಧ ಗಾಳಿಯೇ ಇರಬಹುದು.

ಮನೆಯಲ್ಲಿ ತೂಕದ ಯಂತ್ರ ಇಲ್ಲವೇ? ಗೆರೆಯಿರುವ ಅಳತೆ ಜಗ್ಗಿನಲ್ಲಿ 200 ಮಿಲಿ ತಣ್ಣೀರು ತೆಗೆದುಕೊಳ್ಳಿ. ಶಿಯಾ ತುಂಡುಗಳನ್ನು ಹಾಕಿ. ಅವು ತೇಲುತ್ತವೆ, ಫೋರ್ಕಿನ ತುದಿಯಿಂದ ಪೂರ್ತಿ ಮುಳುಗುವಷ್ಟು ಒತ್ತಿ ಹಿಡಿಯಿರಿ. ನೀರು 300ರ ಗೆರೆಗೆ ಏರಿದರೆ ಒಳಗಿರುವುದು 100 ಮಿಲಿ, ಅಂದರೆ 91 ಗ್ರಾಂ. ಆಮೇಲೆ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ನೀರಿನ ಪಸೆ ಉಳಿದರೆ ಮುಲಾಮಿಗೆ ಬೂಸ್ಟು ಹಿಡಿಯುತ್ತದೆ.

ಸೋಪು ಮಾಡುವವರು ಮಾತ್ರ ಕಪ್ಪು, ಜಗ್ಗು ಎರಡನ್ನೂ ದೂರವಿಡಬೇಕು. 100 ಗ್ರಾಂ ಶಿಯಾ ಪೂರ್ತಿ ಸೋಪಾಗಲು ಸುಮಾರು 12.8 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಜಿಡ್ಡು ಸ್ವಲ್ಪ ಉಳಿಯಲೆಂದು ಅದರಲ್ಲಿ ನೂರಕ್ಕೆ 5 ಪಾಲು ಕಡಿಮೆ ಹಾಕುವುದು ವಾಡಿಕೆ. ಈಗ ಕಪ್ಪನ್ನು 250 ಗ್ರಾಂ ಎಂದೇ ನಂಬಿ, ಆ 5 ಪಾಲನ್ನೂ ಕಳೆದು, 30.4 ಗ್ರಾಂ ಸೋಡಾ ಹಾಕಿದಿರಿ ಎನ್ನಿ. ಪಾತ್ರೆಯಲ್ಲಿ ನಿಜಕ್ಕೂ ಇರುವ 228 ಗ್ರಾಂ ಶಿಯಾಗೆ 29.2 ಗ್ರಾಂ ಸೋಡಾ ಸಾಕು. ಮಿಕ್ಕ ಸೋಡಾ ಸೋಪಿನಲ್ಲೇ ಕೂತು ಚರ್ಮ ಸುಡುತ್ತದೆ.

ತೂಕದ ಯಂತ್ರ ಕೊಳ್ಳುವುದಾದರೆ 0.1 ಗ್ರಾಂ ತೋರಿಸುವುದನ್ನೇ ಕೊಳ್ಳಿ. ಒಂದೊಂದೇ ಗ್ರಾಂ ಲೆಕ್ಕದ ಅಡುಗೆಮನೆ ಯಂತ್ರಕ್ಕೆ ಒಂದು ಟೀ ಚಮಚದ ತೂಕ ಸರಿಯಾಗಿ ಸಿಕ್ಕುವುದಿಲ್ಲ. ಖಾಲಿ ಪಾತ್ರೆ ಇಟ್ಟು ಸೊನ್ನೆ ಮಾಡಿ, ಶಿಯಾವನ್ನು ಗಟ್ಟಿಯಾಗಿದ್ದಾಗಲೇ ತೂಗಿ, ಅದೇ ಪಾತ್ರೆಯನ್ನು ಬಿಸಿನೀರಿನ ಮೇಲಿಟ್ಟು ಕರಗಿಸಿ. ಪಾತ್ರೆ ಬದಲಿಸಿದರೆ ಅಂಚಿಗೆ ಮೆತ್ತಿಕೊಂಡಷ್ಟು ನಷ್ಟ. ಕರಗಿದ್ದನ್ನು ಬೇಗ ತಣಿಸಿ. ನಿಧಾನವಾಗಿ ಆರಿದರೆ ರವೆ ರವೆಯಾಗುತ್ತದೆ.

ಶಿಯಾ ಘಾನಾ, ಬುರ್ಕಿನಾ ಫಾಸೊ ಕಡೆಯ ಮರದ ಬೀಜದ್ದು, ಇಲ್ಲಿ ದುಬಾರಿ. ಬದಲಿಗೆ ಮುರುಗಲ ತುಪ್ಪ ಬಳಸಬಹುದು. ಆದರೆ ಅದು ಶಿಯಾಗಿಂತ ಗಟ್ಟಿ, ತೂಕಕ್ಕೆ ತೂಕ ಹಾಕಿದರೆ ಮುಲಾಮು ಕಲ್ಲಾಗುತ್ತದೆ. 100 ಗ್ರಾಂ ಶಿಯಾ ಬೇಕಿದ್ದಲ್ಲಿ 60 ಗ್ರಾಂ ಮುರುಗಲ ತುಪ್ಪ, 40 ಗ್ರಾಂ ಎಳ್ಳೆಣ್ಣೆಯಿಂದ ಶುರುಮಾಡಿ. ಒಂದು ಚಮಚ ಆರಿಸಿ ಬೆರಳಿಗೆ ಸವರಿ ನೋಡಿ, ಇನ್ನೂ ಗಟ್ಟಿ ಎನಿಸಿದರೆ ಎಣ್ಣೆ ಹೆಚ್ಚಿಸಿ.