ನೀಲಿ ಇರೋದೆಲ್ಲ ಒಂದೇ ಎಣ್ಣೆ ಅಲ್ಲ

ನಾನು ಮೈಸೂರಲ್ಲಿ ಮನೇಲೇ ಬಾಮು, ಫೇಸ್ ಆಯಿಲ್ ಮಾಡಿ ಮಾರ್ತೀನಿ. ಅದರಲ್ಲಿ ಕ್ಯಾಮೊಮೈಲ್ ಅನ್ನೋ ಹೂವಿನ ಎಣ್ಣೆ ಭಾರಿ ದುಬಾರಿ, ಹನಿ ಎಣಿಸಿ ಹಾಕೋ ಸರಕು. ಎರಡು ವರ್ಷ ಈಜಿಪ್ಟಿಂದ ಬಂದಿದ್ದನ್ನೇ ತಗೋತಿದ್ದೆ, ಒಂದ್ಸಲ ಸ್ಟಾಕ್ ಇಲ್ಲ ಅಂತ ಸಪ್ಲೈಯರ್ ನೇಪಾಳದ್ದು ಕಳಿಸಿದ. ಎರಡೂ ಜರ್ಮನ್ ಕ್ಯಾಮೊಮೈಲ್ ಅನ್ನೋ ಜಾತಿಯದೇ, ಎರಡೂ ಇಂಕ್ ಥರ ಕಡುನೀಲಿ, ಇನ್ನೇನು ಅಂತ ಅದೇ ಅಳತೇಲಿ ಹಾಕ್ದೆ. ಹಳೇ ಗಿರಾಕಿಯೊಬ್ರು ಡಬ್ಬಿ ತೆಗೆದು ಮೂಸಿ "ಏನಮ್ಮ, ಮೊದಲಿನ ಥರ ಇಲ್ವಲ್ಲ ಇದು" ಅಂದ್ರು. ನಿಜ, ಮೊದಲಿನದು ಒಣ ಹುಲ್ಲಿನ ಥರ ಸಿಹಿ ಸಿಹಿ, ಇದು ಹಸಿ ಹಸಿ, ಸೇಬಿನ ಸಿಪ್ಪೆ ಥರ.

ಎರಡಕ್ಕೂ ಜಿಸಿ ರಿಪೋರ್ಟ್ ತರಿಸಿದೆ, ಎಣ್ಣೇಲಿ ಯಾವ ಅಂಶ ಎಷ್ಟಿದೆ ಅಂತ ಹೇಳೋ ಲ್ಯಾಬ್ ಟೆಸ್ಟು ಅದು. ಈಜಿಪ್ಟಿನದರಲ್ಲಿ ಎಲ್ಲಕ್ಕಿಂತ ಜಾಸ್ತಿ ಇದ್ದ ಅಂಶ ಬಿಸಬೊಲಾಲ್ ಆಕ್ಸೈಡ್ ಎ, ನೇಪಾಳದ್ದರಲ್ಲಿ ಬೀಟಾ ಫಾರ್ನೆಸೀನ್. ನಾನು ಕ್ವಾಲಿಟಿ ಅಂತ ನಂಬಿದ್ದ ಆ ನೀಲಿ ಬರೋದು ಕ್ಯಾಮಾಜುಲೀನ್ ಅನ್ನೋದರಿಂದ, ಅದು ಎರಡರಲ್ಲೂ ಸ್ವಲ್ಪವೇ. ಸ್ವಲ್ಪ ಇದ್ರೂ ಸಾಕು ಬಾಟಲಿ ಪೂರ್ತಿ ನೀಲಿ ಮಾಡಿಬಿಡುತ್ತೆ, ಬಣ್ಣ ನೋಡಿ ಎಣ್ಣೆ ಆರಿಸೋದು ಎಂಥ ದಡ್ಡತನ ಅಂತ ಆಗ ಗೊತ್ತಾಯ್ತು. ಔಷಧಿ ಸರಕು ಹೇಗಿರಬೇಕು ಅಂತ ಹೇಳೋ ಯುರೋಪಿನ ಫಾರ್ಮಕೋಪಿಯಾ ಕೂಡ ಇದನ್ನ ಎರಡು ಥರ ಅಂತಲೇ ಬೇರೆ ಮಾಡಿದೆ, ಒಂದರಲ್ಲಿ ಬಿಸಬೊಲಾಲ್ ಆಕ್ಸೈಡ್‌ಗಳು 29ರಿಂದ 81 ಪರ್ಸೆಂಟ್, ಇನ್ನೊಂದರಲ್ಲಿ ಆಕ್ಸೈಡ್ ಅಲ್ಲದ ಬರೀ ಬಿಸಬೊಲಾಲ್ 10ರಿಂದ 65. ಕ್ಯಾಮಾಜುಲೀನ್ ಎರಡಕ್ಕೂ ಕನಿಷ್ಠ 1 ಪರ್ಸೆಂಟ್ ಇದ್ರೆ ಪಾಸು!

ಹಾಗಾದ್ರೆ ಇದು ಮಣ್ಣಿನ ಗುಣವಾ ಬೀಜದ ಗುಣವಾ ಅನ್ನೋ ಹುಳ ತಲೇಲಿ ಹೊಕ್ತು. ಎರಡು ಥರದ ಬೀಜ ತರಿಸಿದೆ, ಒಂದು ಈಜಿಪ್ಟ್ ಕಡೇದು, ಇನ್ನೊಂದು ಬಿಸಬೊಲಾಲ್ ಜಾಸ್ತಿ ಬರಲಿ ಅಂತ ಯುರೋಪಿನಲ್ಲಿ ಬೆಳೆಸಿದ ತಳಿ. ಭಾವನ ತೋಟದಲ್ಲಿ ಅಕ್ಕಪಕ್ಕ ಪಾತಿ ಮಾಡಿ ನವೆಂಬರಲ್ಲಿ ಬಿತ್ತಿದ್ವಿ. ಬೀಜ ಎಷ್ಟು ಸಣ್ಣ ಅಂದ್ರೆ ಅದರ ಮುಂದೆ ರಾಗಿ ದಪ್ಪ ಕಾಳು. ಮರಳಲ್ಲಿ ಕಲಸಿ ಚೆಲ್ಲಬೇಕು, ಮೇಲೆ ಮಣ್ಣು ಮುಚ್ಚಬಾರದು, ನಾವು ಮೊದಲ ಸಲ ಮುಚ್ಚಿ ಪೂರ್ತಿ ಹಾಳು ಮಾಡ್ಕೊಂಡು ಮತ್ತೆ ಬಿತ್ತಿದ್ದು. ಹೂ ಬಂದಾಗ ನೋಡೋಕೆ ಪುಟ್ಟ ಬಿಳಿ ಸೇವಂತಿಗೆ, ನಡುವಿನ ಹಳದಿ ಉಬ್ಬು ಸೀಳಿದ್ರೆ ಒಳಗೆ ಟೊಳ್ಳು, ಜರ್ಮನ್ ಕ್ಯಾಮೊಮೈಲ್ ಹೌದೋ ಅಲ್ವೋ ಅಂತ ನೋಡೋಕೆ ಅದೇ ಗುರುತು.

ಭಟ್ಟಿ ಇಳಿಸೋದರಲ್ಲೂ ಎಡವಿದೆ. ಮೊದಲ ಬ್ಯಾಚು ಎರಡು ಗಂಟೆಗೇ ಗ್ಯಾಸ್ ಆರಿಸಿದೆ, ಬಂದಿದ್ದು ತೆಳು ನೀಲಿ. ಹೂವಲ್ಲಿ ನೀಲಿ ಅನ್ನೋದೇ ಇರಲ್ಲ ನೋಡಿ, ಇರೋದು ಬಣ್ಣವಿಲ್ಲದ ಮ್ಯಾಟ್ರಿಸಿನ್, ಹಬೆಯ ಬಿಸಿಗೆ ಅದು ಒಡೆದು ಕ್ಯಾಮಾಜುಲೀನ್ ಆಗೋದು, ಅದು ಇಳಿಯೋಕೆ ಟೈಮ್ ಬೇಕು. ಆಮೇಲಿಂದ ಆರು ಗಂಟೆ ಬಿಟ್ಟೆ, ಕಡುನೀಲಿ ಬಂತು. 300 ಗ್ರಾಂ ಒಣ ಹೂವಿಗೆ ಒಂದು ಎಮ್ಮೆಲ್ ಮೇಲೆ ಚೂರು, ಅದರಲ್ಲೂ ಅರ್ಧ ಗಾಜಿಗೆ ಅಂಟ್ಕೊಂಡಿತ್ತು, ಅಷ್ಟು ಮಂದ ಅದು.

ಟೆಸ್ಟಿಗೆ ಹನಿ ಸಾಕಲ್ವಾ, ಎರಡನ್ನೂ ಕಳಿಸಿದೆ. ಒಂದೇ ಮಣ್ಣು, ಒಂದೇ ಬೋರ್‌ವೆಲ್ ನೀರು, ಒಂದೇ ಬಿಸಿಲು, ಆದ್ರೂ ಒಂದರಲ್ಲಿ ಆಕ್ಸೈಡ್ ಎ ಮುಂದೆ, ಇನ್ನೊಂದರಲ್ಲಿ ಬಿಸಬೊಲಾಲ್ ಮುಂದೆ, ಥೇಟ್ ಬೀಜದ ಊರಿನ ಹಾಗೇ. ಹವೆ, ಕೊಯ್ಯೋ ಹೊತ್ತು, ಒಣಗಿಸೋ ರೀತಿ ಇವೆಲ್ಲ ಎಣ್ಣೆ ಎಷ್ಟು ಬರುತ್ತೆ, ಯಾವುದು ಸ್ವಲ್ಪ ಹೆಚ್ಚು ಕಮ್ಮಿ ಅನ್ನೋದನ್ನ ಬದಲಾಯಿಸುತ್ತೆ, ಆದ್ರೆ ಯಾವ ಥರದ ಎಣ್ಣೆ ಅನ್ನೋದನ್ನ ಬೀಜವೇ ಹೇಳಿಬಿಟ್ಟಿರುತ್ತೆ. ಒಂದೊಂದು ದೇಶದವರು ಒಂದೊಂದು ತಳಿ ಬೆಳೀತಾರೆ, ನಾವು ಅದಕ್ಕೆ ಆ ಊರಿನ ಹೆಸರಿಡ್ತೀವಿ ಅಷ್ಟೇ.

ಈಗ ಸಪ್ಲೈಯರ್ ಹತ್ರ ಯಾವ ದೇಶ ಅಂತ ಕೇಳೋದು ಬಿಟ್ಟು ಆ ಬ್ಯಾಚಿನ ಜಿಸಿ ರಿಪೋರ್ಟೇ ಕೇಳ್ತೀನಿ, ಕೊಡಲ್ಲ ಅಂದ್ರೆ ತಗೊಳ್ಳಲ್ಲ. ಇನ್ನೊಂದು, ಬಣ್ಣವಿಲ್ಲದ ಗಾಜಿನ ಬಾಟಲೀಲಿ ಕಿಟಕಿ ಹತ್ರ ಇಡಬೇಡಿ. ನನ್ನ ಒಂದು ಬಾಟಲಿ ಹಸಿರಾಗಿ ಆಮೇಲೆ ಕಂದು ಬಣ್ಣ ಆಯ್ತು, ಕೊಟ್ಟ ದುಡ್ಡು ನೆನಪಾಗಿ ಎಸೆಯೋಕೂ ಮನಸ್ಸು ಬರದೆ ಇನ್ನೂ ಶೆಲ್ಫಲ್ಲೇ ಇದೆ.